ಎಣ್ಣೆ ಪೈಪಿನ ಜೋಡಣೆ: ಹಿಟಾಚಿ ಬಾಡಿಗೆಗೆ ತರುವವರಿಗೂ ಟ್ರ್ಯಾಕ್ಟರ್ ಇಟ್ಟವರಿಗೂ

2021ರ ಏಪ್ರಿಲ್‌ನಲ್ಲಿ ನಮ್ಮ ಮಸಾರಿ ಹೊಲದಲ್ಲಿ ಕೃಷಿ ಹೊಂಡ ತೆಗೆಸಿದೆ. ಉದ್ದ 21 ಮೀಟರ್, ಅಗಲವೂ ಅಷ್ಟೇ, ಆಳ 3 ಮೀಟರ್. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಾಗಲೇ ಅರ್ಜಿ ಹಾಕಬಹುದಿತ್ತು. ಹಾಕದೆ ಕೂತದ್ದು ನನ್ನದೇ ಸೋಮಾರಿತನ. ಕೊನೆಗೆ ಕೈಯಿಂದ ದುಡ್ಡು ಹಾಕಿ ತೆಗೆಸಬೇಕಾಯಿತು. ಮೊದಲ ಒಂದೂವರೆ ಮೀಟರ್ ಮಣ್ಣು ಸಲೀಸಾಗಿ ಬಂತು. ಅದರ ಕೆಳಗೆ ಗರಸು, ಗರಸಿನ ಕೆಳಗೆ ಹಾಸುಗಲ್ಲು. ಬಕೆಟ್ಟಿನ ಹಲ್ಲು ಕಲ್ಲಿಗೆ ಉಜ್ಜಿ ಕಿಡಿ ಹಾರಿತೇ ಹೊರತು ಒಂದು ಚೂರೂ ಏಳಲಿಲ್ಲ.

"ಬ್ರೇಕರ್ ಹಚ್ಚಬೇಕ ಕಾಕಾ" ಅಂದ ಡ್ರೈವರ್ ಹುಡುಗ.

ಹಿಟಾಚಿ ಅಂದರೆ ನಮ್ಮ ಕಡೆ ಚೈನಿನ ಮೇಲೆ ಓಡಾಡುವ ಎಲ್ಲ ಅಗೆಯುವ ಯಂತ್ರಕ್ಕೂ ಹೆಸರು. ಕಂಪನಿ ಯಾವುದಾದರೂ ಜನ ಹಾಗೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಆ ವರ್ಷ ನಮ್ಮಲ್ಲಿ ಬಕೆಟ್ಟಿನ ಕೆಲಸಕ್ಕೆ ತಾಸಿಗೆ 1,800 ರೂಪಾಯಿ, ಬ್ರೇಕರಿಗೆ 2,400. ಯಂತ್ರದಲ್ಲಿ ಒಂದು ಮೀಟರ್ ಇರುತ್ತದೆ. ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಅದು ತಾಸು ಎಣಿಸುತ್ತದೆ. ಕಲ್ಲು ಒಡೆದರೂ ಎಣಿಸುತ್ತದೆ, ಒಡೆಯದಿದ್ದರೂ ಎಣಿಸುತ್ತದೆ.

ಹುಡುಗ ಸುತ್ತಿಗೆಯಿಂದ ಎರಡು ಪಿನ್ನು ಬಡಿದು ತೆಗೆದು ಬಕೆಟ್ ಇಳಿಸಿದ. ಬ್ರೇಕರ್ ತಂದು ಅದೇ ಪಿನ್ನು ಬಡಿದು ಕೂಡಿಸಿದ. ಆಮೇಲೆ ಎಣ್ಣೆಯ ಎರಡು ಪೈಪು. ಅವುಗಳ ತುದಿಯ ಹಿತ್ತಾಳೆ ಬಣ್ಣದ ಕಪ್ಲಿಂಗುಗಳು ಗರಸಿನ ಗುಡ್ಡೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದವು. ಮುಚ್ಚಳ ಇರಲಿಲ್ಲ. ಎತ್ತಿ ಪ್ಯಾಂಟಿಗೆ ಒಂದು ಸಲ ಒರೆಸಿಕೊಂಡು ತಿರುವಿ ಹಾಕಿದ. ಎರಡನೆಯದು ಅರ್ಧಕ್ಕೆ ಬಿಗಿಯಾಯಿತು. "ಸಾಕು" ಅಂತ ಬಿಟ್ಟ.

ಬ್ರೇಕರ್ ನಾಲ್ಕು ಏಟು ಹೊಡೆದು ನಿಂತಿತು. ಮತ್ತೆ ಎರಡು ಏಟು, ಮತ್ತೆ ನಿಂತಿತು. ಪೈಪುಗಳು ಬಾಲ ತುಳಿದ ಹಾವಿನಂತೆ ಜಿಗಿಯತೊಡಗಿದವು.

"ಯಾಕೋ ತಮ್ಮಾ, ಏನಾತು?"

"ಏನಿಲ್ಲ ಕಾಕಾ, ಏರ್ ಹಿಡದೈತಿ. ಸ್ವಲ್ಪ ಓಡಿದ್ರ ಸರಿ ಆಕ್ಕೈತಿ."

ಸರಿ ಆಗಲಿಲ್ಲ. ಮುಕ್ಕಾಲು ತಾಸು ಹಾಗೇ ಕುಟ್ಟುತ್ತ ಕುಟ್ಟುತ್ತ ಕೊನೆಗೆ ಬ್ರೇಕರಿನ ಬುಡದಿಂದ ಎಣ್ಣೆ ಸುರಿಯಿತು. ಸೀಲು ಹೋಗಿತ್ತು. ಹುಬ್ಬಳ್ಳಿಯಿಂದ ಸೀಲು ಬರಲು ಎರಡು ದಿನ. ಬಾಡಿಗೆಯ ಲೆಕ್ಕ ಮಾಡುವಾಗ ಆ ಮುಕ್ಕಾಲು ತಾಸು, ಬಿಚ್ಚಿ ಕಟ್ಟಿ ನೋಡಿದ ಹೊತ್ತು, ಎಲ್ಲ ಕೂಡಿಸಿ ಮೀಟರ್ 3 ತಾಸು 20 ನಿಮಿಷ ಹೆಚ್ಚು ತೋರಿಸಿತು. ಯಂತ್ರದ ಮಾಲೀಕ "ಮೀಟರ್ ಅಂದ್ರ ಮೀಟರ್" ಅಂದ. ಜಗಳವಾಡಿ ಅರ್ಧಕ್ಕೆ ಒಪ್ಪಿಸಿದೆ. ಕಲ್ಲು ಒಂದಡಿ ಕೂಡ ಒಡೆಯದ ಕೆಲಸಕ್ಕೆ ನಾಲ್ಕು ಸಾವಿರ ಹೋಯಿತು.

ಕಾರಣ ಆಮೇಲೆ ತಿಳಿಯಿತು. ಅರ್ಧ ಮಾತ್ರ ಬಿಗಿಯಾಗಿದ್ದ ಆ ಕಪ್ಲಿಂಗು ಎಣ್ಣೆ ವಾಪಸು ಹೋಗುವ ಪೈಪಿನದು.

ಗರಗಸದಿಂದ ಸೀಳಿದ ಕಪ್ಲಿಂಗು

ನಾನು ಏಳನೇ ಇಯತ್ತೆವರೆಗೆ ಓದಿದವ. ಇದನ್ನೆಲ್ಲ ಪುಸ್ತಕದಿಂದ ಕಲಿತಿಲ್ಲ. ಗದಗಿನಲ್ಲಿ ಹೈಡ್ರಾಲಿಕ್ ಪೈಪಿನ ಕೆಲಸ ಮಾಡುವ ಒಬ್ಬ ಮಿಸ್ತ್ರಿ ಇದ್ದಾರೆ. ಹೊಂಡದ ಕತೆ ಹೇಳಿದಾಗ ಅವರು ಕಪಾಟಿನಿಂದ ಒಂದು ಹಳೆ ಕಪ್ಲಿಂಗು ತೆಗೆದು ಕೈಗೆ ಕೊಟ್ಟರು. ಗರಗಸದಿಂದ ಉದ್ದಕ್ಕೆ ಸೀಳಿದ್ದು, ಬದನೆಕಾಯಿ ಹೋಳು ಮಾಡಿದ ಹಾಗೆ ಒಳಗಿನದೆಲ್ಲ ಕಾಣುತ್ತದೆ.

"ನೋಡ್ರಿ ಯಜಮಾನ್ರ, ಇದರಾಗ ಮಂತ್ರ ಏನಿಲ್ಲ. ಎರಡು ಬಾಗಿಲಾ, ಎರಡು ಸ್ಪ್ರಿಂಗು. ಅಷ್ಟ."

ಅಂಗಡಿಗಳಲ್ಲಿ ಇದಕ್ಕೆ ಕ್ಯು.ಆರ್.ಸಿ. ಅನ್ನುತ್ತಾರೆ, ಕ್ವಿಕ್ ಕಪ್ಲಿಂಗ್ ಅಂದರೂ ಕೊಡುತ್ತಾರೆ. ಪಾನಾ ಇಲ್ಲದೆ ಕೈಯಿಂದಲೇ ಎಣ್ಣೆ ಪೈಪು ಕೂಡಿಸಲು, ಬಿಚ್ಚಲು ಇರುವ ಸಾಧನ. ಎರಡು ಭಾಗ, ಗಂಡು ಮತ್ತು ಹೆಣ್ಣು. ಪ್ರತಿ ಭಾಗದ ಒಳಗೂ ಒಂದು ಸಣ್ಣ ಕವಾಟ ಇದೆ. ಹಿಂದಿನ ಸ್ಪ್ರಿಂಗು ಅದನ್ನು ಸದಾ ಮುಂದಕ್ಕೆ ತಳ್ಳಿ ಬಾಯಿ ಮುಚ್ಚಿರುತ್ತದೆ. ಆದ್ದರಿಂದ ಬಿಚ್ಚಿದಾಗ ಎಣ್ಣೆ ಚೆಲ್ಲುವುದಿಲ್ಲ. ಗಂಡನ್ನು ಹೆಣ್ಣಿನೊಳಗೆ ಒತ್ತಿದಾಗ ಎರಡೂ ಕವಾಟಗಳು ಮೂಗಿಗೆ ಮೂಗು ತಾಗಿ ಒಂದನ್ನೊಂದು ಹಿಂದಕ್ಕೆ ತಳ್ಳುತ್ತವೆ. ಆಗ ದಾರಿ ತೆರೆಯುತ್ತದೆ. ಕಳಚದಂತೆ ಹಿಡಿಯಲು ಹೆಣ್ಣಿನ ಬಾಯಿಯ ಸುತ್ತ ಉಕ್ಕಿನ ಸಣ್ಣ ಗುಂಡುಗಳಿವೆ. ಅವು ಗಂಡಿನ ಮೈಮೇಲಿನ ಗಾಡಿಯಲ್ಲಿ, ಅಂದರೆ ಸುತ್ತ ಕೊರೆದ ಕಾಲುವೆಯಲ್ಲಿ ಕೂರುತ್ತವೆ. ಮೇಲಿನ ಕಾಲರ್ ಆ ಗುಂಡುಗಳನ್ನು ಒತ್ತಿ ಹಿಡಿಯುತ್ತದೆ. ಕಾಲರ್ ಹಿಂದಕ್ಕೆ ಎಳೆದರೆ ಗುಂಡು ಸಡಿಲ, ಪೈಪು ಕೈಗೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಪೂರ್ತಿ ಒಳಗೆ ಹೋಗದಿದ್ದರೆ ಕಪ್ಲಿಂಗು ಸೋರುವುದೇ ಇಲ್ಲ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಬಾಗಿಲು ಕಾಲು ಭಾಗವೋ ಅರ್ಧವೋ ತೆರೆದಿರುತ್ತದೆ, ಅಥವಾ ತೆರೆದೇ ಇರುವುದಿಲ್ಲ. ನಮ್ಮ ಹೊಂಡದಲ್ಲಿ ಆದದ್ದು ಇದೇ. ಬ್ರೇಕರಿಗೆ ಒಂದು ಪೈಪಿನಿಂದ ಎಣ್ಣೆ ನುಗ್ಗುತ್ತದೆ, ಒಳಗಿನ ಪಿಸ್ಟನ್ನನ್ನು ಎತ್ತಿ ಇಳಿಸಿ ಇನ್ನೊಂದು ಪೈಪಿನಿಂದ ನೇರ ಟ್ಯಾಂಕಿಗೆ ವಾಪಸು ಹೋಗಬೇಕು. ನಿಮಿಷಕ್ಕೆ ನಾನೂರು ಐನೂರು ಏಟು ಹೊಡೆಯುವ ಯಂತ್ರ. ವಾಪಸು ದಾರಿ ಕಟ್ಟಿದರೆ ಎಣ್ಣೆ ಎಲ್ಲಿಗೆ ಹೋಗಬೇಕು? ಸೀಲು ಹರಿದುಕೊಂಡು ಹೊರಗೆ ಬರುತ್ತದೆ. ಕೆರೆಯ ಕೋಡಿ ಕಟ್ಟಿಟ್ಟು ತೂಬಿನಿಂದ ನೀರು ಬಿಟ್ಟ ಲೆಕ್ಕ.

ಬ್ರೇಕರಿನ ಪೈಪಿಗೆ ಗುಂಡಿನ ಕಪ್ಲಿಂಗು ಹಾಕಬಾರದು, ತಿರುವಿ ಕೂಡಿಸುವ ಜಾತಿಯನ್ನೇ ಹಾಕಬೇಕು ಅಂತ ಮಿಸ್ತ್ರಿ ಹೇಳಿದರು. ಪ್ರತಿ ಏಟಿಗೂ ಎಣ್ಣೆ ಒದೆಯುತ್ತದೆ. ಆ ಒದೆತಕ್ಕೆ ಗುಂಡುಗಳು ಗಂಡಿನ ಮೈಮೇಲೆ ಕುಳಿ ಬೀಳಿಸುತ್ತವೆ, ಕೆಲವು ತಿಂಗಳಲ್ಲಿ ಲಟಪಟ ಅನ್ನುತ್ತದೆ, ಬಿಚ್ಚಲು ಬರುವುದಿಲ್ಲ. ತಿರುವುವ ಜಾತಿಯಲ್ಲಿ ಹಲ್ಲುಗಳು ಭಾರ ಹಂಚಿಕೊಳ್ಳುತ್ತವೆ. ಆದರೆ ಅದನ್ನು ಕೊನೆಮುಟ್ಟ ತಿರುವಬೇಕು. ಬಹಳಷ್ಟು ಕಪ್ಲಿಂಗುಗಳ ಮೇಲೆ ಒಂದು ಗೆರೆಯೋ ಉಂಗುರವೋ ಇರುತ್ತದೆ. ಕಾಲರ್ ಅಲ್ಲಿಯವರೆಗೆ ಬಂದರೆ ಪೂರ್ತಿ ಆಯಿತು ಅಂತ ಅರ್ಥ. ನಮ್ಮ ಹುಡುಗನ ಕಪ್ಲಿಂಗಿನ ಮೇಲೂ ಆ ಗೆರೆ ಇತ್ತು. ಮಣ್ಣು ಮೆತ್ತಿ ಕಾಣುತ್ತಿರಲಿಲ್ಲ.

ಪೈಪಿನಲ್ಲಿ ಉಳಿದ ಒತ್ತಡದಿಂದಲೂ ಕೊನೆಯ ಎರಡು ಸುತ್ತು ತಿರುಗುವುದಿಲ್ಲ. ಡ್ರೈವರಿಗೆ ಅದು "ಬಿಗಿ ಆಯ್ತು" ಅನ್ನಿಸುತ್ತದೆ. ಹಿಟಾಚಿಯ ತೋಳಿನ ಮೇಲೆ ಬ್ರೇಕರ್ ಪೈಪಿಗೆ ಬಂದ್ ಮಾಡುವ ಕವಾಟ ಬೇರೆ ಇರುತ್ತದೆ. ಬ್ರೇಕರ್ ಬಿಚ್ಚಿಟ್ಟಾಗ ಅದನ್ನು ಮುಚ್ಚಿರುತ್ತಾರೆ, ಹಚ್ಚಿದ ಮೇಲೆ ಎರಡೂ ತೆರೆದಿವೆಯೇ ನೋಡಬೇಕು. ಹಿಡಿ ಪೈಪಿನ ನೇರಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಕೆಳಗೆ ನಿಂತ ನಮಗೂ ಕಾಣುತ್ತದೆ.

ಧೂಳು

ಹಿಟಾಚಿ ಇರಲಿ ಟ್ರ್ಯಾಕ್ಟರ್ ಇರಲಿ, ಒಳಗಿನ ಪಂಪಿನ ಓಡಾಡುವ ಭಾಗಗಳ ನಡುವಿನ ಸಂದು ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕಣ್ಣಿಗೆ ಕಾಣದ ಉಸುಕಿನ ಕಣವೂ ಅಲ್ಲಿ ಸಿಕ್ಕಿ ಗೀರುತ್ತದೆ. ಕಪ್ಲಿಂಗಿನ ಬಾಯಲ್ಲಿ ಮೆತ್ತಿದ ಚಿಟಿಕೆ ಮಣ್ಣು ಕೂಡಿಸಿದ ಕ್ಷಣವೇ ಎಣ್ಣೆಯ ಜೊತೆ ಹೊರಡುತ್ತದೆ. ಜಾಕಿನ ಸೀಲು ಕೊರೆಯುತ್ತದೆ, ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಫಿಲ್ಟರ್ ಹಿಡಿಯುತ್ತದೆ ಅಂತ ನಾವು ಧೈರ್ಯ ಮಾಡುತ್ತೇವೆ. ಹಿಡಿಯುವುದು ನಿಜ, ಆದರೆ ಆ ಮಣ್ಣು ಫಿಲ್ಟರಿಗೆ ಬರುವ ಮೊದಲು ಜಾಕು, ಕವಾಟ ಎಲ್ಲ ದಾಟಿಕೊಂಡೇ ಬರಬೇಕು.

ಟ್ರ್ಯಾಕ್ಟರಿನಲ್ಲಿ ಇನ್ನೊಂದು ತೊಂದರೆ ಇದೆ. ನಮ್ಮ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆ, ಹೈಡ್ರಾಲಿಕ್ಕಿನ ಎಣ್ಣೆ ಎರಡೂ ಒಂದೇ. ಊರಲ್ಲಿ ಒಬ್ಬರ ಟಿಪ್ಪಿಂಗ್ ಟ್ರೇಲರು ಹತ್ತು ಟ್ರ್ಯಾಕ್ಟರಿಗೆ ಹೋಗುತ್ತದೆ. ಪ್ರತಿ ಸಲ ಡಬ್ಬಿ ಎತ್ತಿ ಇಳಿಸಿದಾಗ ಜಾಕಿನೊಳಗಿದ್ದ ಹಿಂದಿನವನ ಎಣ್ಣೆ ನಮ್ಮ ಗೇರ್ ಬಾಕ್ಸಿಗೆ ಬರುತ್ತದೆ, ನಮ್ಮದು ಅವನ ಜಾಕಿಗೆ ಹೋಗುತ್ತದೆ. ಅವನು ಏನು ಎಣ್ಣೆ ಹಾಕಿದ್ದ, ಅದರಲ್ಲಿ ನೀರು ಎಷ್ಟಿತ್ತು, ದೇವರೇ ಬಲ್ಲ. 2018ರಲ್ಲಿ ನಮ್ಮ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ನೀರು ಬೆರೆತರೆ ಹಾಗಾಗುತ್ತದೆ. ಯಾರ ಟ್ರೇಲರಿನಿಂದ ಬಂತು ಅಂತ ಹುಡುಕಿದರೆ ಊರಲ್ಲಿ ಮಾತು ಬೆಳೆಯುತ್ತದೆ, ಬಿಟ್ಟುಬಿಟ್ಟೆ. ಈಗ ಟ್ರೇಲರ್ ಕೊಡುತ್ತೇನೆ, ತರುತ್ತೇನೆ. ಎತ್ತುವ ಜಾಕಿನ ಪೈಪು ಮಾತ್ರ ಕೇಳಿ ನೋಡಿ ಹಚ್ಚುತ್ತೇನೆ.

ಮುಚ್ಚಳ ಅಂದರೆ ಮೂವತ್ತು ನಲವತ್ತು ರೂಪಾಯಿಯ ರಬ್ಬರಿನದು. ಹೊಸ ಕಪ್ಲಿಂಗಿನ ಜೊತೆ ಬಂದದ್ದನ್ನು ಮೊದಲ ವಾರವೇ ಕಳೆಯುತ್ತೇವೆ. ಕಳೆದರೆ ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಬಾಯಿಗೆ ಕಟ್ಟಿ ದಾರ ಸುತ್ತಿದರೂ ಆದೀತು. ಅರಿವೆ ತುರುಕಬೇಡಿ, ಎಳೆ ಬಿಚ್ಚಿ ಒಳಗೆ ಹೋಗುತ್ತದೆ. ಒರೆಸಲು ಕೂಡ ಹಳೆಯ ಲುಂಗಿ ಅಥವಾ ಧೋತರದ ತುಂಡು ಒಳ್ಳೆಯದು. ಟವೆಲ್ಲು, ಗೋಣಿ ಬೇಡ. ಕೂಡಿಸಿ ಕೆಲಸ ಮಾಡುವಾಗ ಗಂಡಿನ ಮುಚ್ಚಳವನ್ನು ಹೆಣ್ಣಿನ ಮುಚ್ಚಳದೊಳಗೆ ಸಿಕ್ಕಿಸಿಟ್ಟರೆ ಮುಚ್ಚಳಕ್ಕೂ ಧೂಳು ಹಿಡಿಯುವುದಿಲ್ಲ.

ಈಗ ಹಿಟಾಚಿಗಳಿಗೆ ಬರುವ ಕಪ್ಲಿಂಗುಗಳಲ್ಲಿ ಮುಖ ಚಪ್ಪಟೆ ಇರುವುದು ಒಂದು ಜಾತಿ. ಇದರ ಅಳತೆಯ ನಿಯಮ ಐ.ಎಸ್.ಒ. 16028. ಟ್ರ್ಯಾಕ್ಟರಿನ ಮಾಮೂಲಿ ಕಪ್ಲಿಂಗಿನಲ್ಲಿ ಕವಾಟ ಗುಳಿಯೊಳಗೆ ಇರುತ್ತದೆ, ಗುಳಿಯಲ್ಲಿ ಮಣ್ಣು ಕೂರುತ್ತದೆ, ಬಿಚ್ಚಿದಾಗ ಒಂದಿಷ್ಟು ಎಣ್ಣೆಯೂ ಚೆಲ್ಲುತ್ತದೆ. ಚಪ್ಪಟೆಯದರಲ್ಲಿ ಗುಳಿಯೇ ಇಲ್ಲ. ಊಟದ ತಾಟು ಒರೆಸಿದಂತೆ ಒಂದು ಸಲ ಒರೆಸಿದರೆ ಮುಗಿಯಿತು. ಬೆಲೆ ಹೆಚ್ಚು.

ಸ್ವೀಡನ್ ಕಡೆ ಡ್ರೈವರ್ ಕೆಳಗೆ ಇಳಿಯುವುದೇ ಇಲ್ಲವಂತೆ. ಸೀಟಿನಲ್ಲಿ ಕೂತೇ ಬಕೆಟ್ ಬಿಟ್ಟು ಬ್ರೇಕರ್ ಹಿಡಿಯುತ್ತಾನೆ, ಪಿನ್ನು, ಎಣ್ಣೆ ಎಲ್ಲ ತಾನೇ ಕೂಡಿಕೊಳ್ಳುತ್ತದೆ. ಮಿಸ್ತ್ರಿ ಮೊಬೈಲಿನಲ್ಲಿ ತೋರಿಸಿದರು. ನೋಡಲು ಚೆಂದ. ನಮ್ಮ ಕಡೆಗೆ ಬರುವ ಬಾಡಿಗೆ ಯಂತ್ರಗಳಲ್ಲಿ ನಾನು ಇನ್ನೂ ಕಂಡಿಲ್ಲ. ಬಕೆಟ್ಟನ್ನು ಮಾತ್ರ ಬೇಗ ಕಚ್ಚಿ ಹಿಡಿಯುವ ಕ್ವಿಕ್ ಹಿಚ್ ಅಲ್ಲೊಂದು ಇಲ್ಲೊಂದು ಬಂದಿದೆ. ಅದಿದ್ದರೆ ಲಾಕ್ ಪಿನ್ನು ಹಾಕಿದ್ದಾನೋ ಇಲ್ಲವೋ ನೋಡಿ. ಹಾಕದೆ ಬಕೆಟ್ ಕಳಚಿ ಬಿದ್ದು ಇಂಗ್ಲೆಂಡ್, ಐರ್ಲೆಂಡ್ ದೇಶಗಳಲ್ಲಿ ಜನ ಸತ್ತಿದ್ದಾರೆ. ಪಿನ್ನು ಹಾಕಿದ್ದರೂ ತೂಗುವ ಬಕೆಟ್ಟಿನ ಕೆಳಗೆ ನಿಲ್ಲಬಾರದು. ಮಕ್ಕಳಂತೂ ಹಿಟಾಚಿ ಬಂದರೆ ಜಾತ್ರೆಗೆ ಬಂದಂತೆ ಸೇರುತ್ತಾರೆ, ಅವರನ್ನು ಮೊದಲು ದೂರ ಕಳಿಸಿ.

ಬಿಸಿಲಿಗೆ ಬಿಟ್ಟ ಪೈಪು

ನಮ್ಮ ಪಲ್ಟಿ ನೇಗಿಲಿಗೆ ಎರಡು ಪೈಪು. ಒಂದರಿಂದ ಎಣ್ಣೆ ಹೋದರೆ ನೇಗಿಲು ಬಲಕ್ಕೆ ಹೊರಳುತ್ತದೆ, ಇನ್ನೊಂದರಿಂದ ಹೋದರೆ ಎಡಕ್ಕೆ. ಒಂದು ವರ್ಷ ಮಾಗಿ ಮುಗಿದ ಮೇಲೆ ಬೆಳಿಗ್ಗೆ ಬಿಚ್ಚಿ ಬದುವಿಗೆ ಬಿಟ್ಟೆವು. ಮಧ್ಯಾಹ್ನ ಎರಡಕ್ಕೆ ಮಗ ಮತ್ತೆ ಹಚ್ಚಲು ಹೋದ. ಪೈಪು ಕೂಡಲೇ ಒಲ್ಲದು. ಎಷ್ಟು ಒತ್ತಿದರೂ ಗಂಡು ಒಳಗೆ ಇಳಿಯದು. "ಯಪ್ಪಾ, ಬೆಳಿಗ್ಗಿ ಇದ್ದದ್ದ ಈಗ ಹತ್ತವಲ್ದು" ಅಂದ. ನಾನು ದೂರದಲ್ಲಿ ಇದ್ದೆ. ಬರುವುದರೊಳಗೆ ಕಲ್ಲಿನ ಮೇಲಿಟ್ಟು ಕವಾಟದ ತುದಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟಿದ್ದ. ಎಣ್ಣೆ ಚಿಮ್ಮಿ ಅಂಗಿಯೆಲ್ಲ ತೋಯಿತು. ಪೈಪು ಕೂಡಿತು. ಆ ಹೊತ್ತಿಗೆ ಹುಡುಗ ಜಾಣ ಅನ್ನಿಸಿದ. ತಿಂಗಳ ಮೇಲೆ ಟ್ರ್ಯಾಕ್ಟರಿನ ಪಂಪು ಕೂಗತೊಡಗಿತು. ಬಿಚ್ಚಿದರೆ ಒಳಗೆ ಉಕ್ಕಿನ ಚೂರು. ಏಟಿಗೆ ಕವಾಟದ ಅಂಚು ಒಡೆದು ಎಣ್ಣೆಯಲ್ಲಿ ಹೋಗಿತ್ತು. ಪಂಪು, ಫಿಲ್ಟರು, ಎಣ್ಣೆ, ಕೂಲಿ ಎಲ್ಲ ಸೇರಿ 17,000 ಚಿಲ್ಲರೆ.

ಬೆಳಿಗ್ಗೆ ಕೂಡುತ್ತಿದ್ದದ್ದು ಮಧ್ಯಾಹ್ನ ಯಾಕೆ ಕೂಡಲಿಲ್ಲ ಅಂದರೆ, ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ. ಎರಡೂ ತುದಿ ಮುಚ್ಚಿದ ಪೈಪಿನೊಳಗೆ ಹಿಗ್ಗಲು ಜಾಗ ಇಲ್ಲ. ಆ ಒತ್ತಡವೇ ಕವಾಟವನ್ನು ಹಿಂದಿನಿಂದ ಒತ್ತಿ ಹಿಡಿಯುತ್ತದೆ, ನಮ್ಮ ಕೈ ಬಲ ಅದಕ್ಕೆ ಸಾಲದು. ಹೀಗೆ ಆದಾಗ ಸುಮ್ಮನೆ ಪೈಪನ್ನು ನೆರಳಿಗೆ ಎಳೆದು ಒದ್ದೆ ಗೋಣಿ ಹೊದಿಸಿ ಚಹಾ ಕುಡಿದು ಬನ್ನಿ. ತಣ್ಣಗಾದರೆ ತಾನೇ ಕೂಡುತ್ತದೆ. ಸುತ್ತಿಗೆ ಮುಟ್ಟಬೇಡಿ. ಪಾನಾ ಹಾಕಿ ಪೈಪಿನ ನಟ್ಟು ಸಡಿಲಿಸುವವರೂ ಇದ್ದಾರೆ, ಅದರ ಅಪಾಯ ಮುಂದೆ ಹೇಳುತ್ತೇನೆ.

ಇನ್ನೂ ಒಳ್ಳೆಯದು ಒತ್ತಡ ಉಳಿಯದಂತೆ ಬಿಚ್ಚುವುದು. ನೇಗಿಲು, ಡಬ್ಬಿ ಏನಿದ್ದರೂ ಪೂರ್ತಿ ನೆಲಕ್ಕೆ ಇಳಿಸಬೇಕು. ಎಂಜಿನ್ ಬಂದ್ ಮಾಡಬೇಕು. ಆಮೇಲೆ ಎಣ್ಣೆಯ ಲಿವರನ್ನು ಹಿಂದೆ ಮುಂದೆ ನಾಲ್ಕೈದು ಸಲ ಆಡಿಸಬೇಕು. ಪೈಪಿನಲ್ಲಿ ಉಳಿದ ಒತ್ತಡ ಟ್ಯಾಂಕಿಗೆ ಇಳಿಯುತ್ತದೆ. ಆಗ ಕಾಲರ್ ಎಳೆದರೆ ಪೈಪು ತಾನಾಗಿ ಕೈಗೆ ಬರುತ್ತದೆ, ಮರುದಿನ ಅಷ್ಟೇ ಸಲೀಸಾಗಿ ಕೂಡುತ್ತದೆ. ಹಿಟಾಚಿಗೂ ಇದೇ ಕ್ರಮ. ಬ್ರೇಕರನ್ನು ನೆಲಕ್ಕೆ ಮಲಗಿಸಿ, ಎಂಜಿನ್ ನಿಲ್ಲಿಸಿ, ಬ್ರೇಕರಿನ ಪೆಡಲ್ ಒತ್ತಿ ಒತ್ತಿ ಬಿಡಬೇಕು. ಕೆಲವು ಯಂತ್ರಗಳಲ್ಲಿ ಅದಕ್ಕೆ ಕೀಲಿ ಆನ್ ಇರಬೇಕಾಗುತ್ತದೆ, ಎಂಜಿನ್ ಬೇಡ. ಟ್ಯಾಂಕಿನ ಮೇಲಿನ ಗಾಳಿಯನ್ನೂ ಬಿಡುತ್ತಾರೆ.

ಡಬ್ಬಿ ಎತ್ತಿ ನಿಲ್ಲಿಸಿ ಪೈಪು ಬಿಚ್ಚುವ ಚಟ ಕೆಲವರಿಗೆ ಇದೆ. ಮಳೆ ನೀರು ನಿಲ್ಲಬಾರದು ಅಂತ ಹಾಗೆ ಬಿಡುತ್ತಾರೆ. ಆ ಇಡೀ ಡಬ್ಬಿ ಆಗ ಕಪ್ಲಿಂಗಿನೊಳಗಿನ ಒಂದು ಸಣ್ಣ ಕವಾಟದ ಮೇಲೆ ನಿಂತಿರುತ್ತದೆ. ಕೆಳಗೆ ಆಡು, ನಾಯಿ, ಮಕ್ಕಳು ಎಲ್ಲರೂ ಹೋಗುತ್ತಾರೆ. ಎತ್ತಿದ ಡಬ್ಬಿಯ ಕೆಳಗೆ ಏನಾದರೂ ನೋಡಬೇಕಿದ್ದರೆ ಗಟ್ಟಿ ತೊಲೆಯ ಊರು ಕೊಟ್ಟೇ ಹೋಗಬೇಕು.

ನನ್ನ ಬೆರಳು

ಇನ್ನು ಒತ್ತಡದ ಮಾತು. ಟ್ರ್ಯಾಕ್ಟರಿನ ಎಣ್ಣೆಯ ಒತ್ತಡ 150ರಿಂದ 200 ಬಾರ್. 20 ಟನ್ನಿನ ಹಿಟಾಚಿಯಲ್ಲಿ 340ರ ಆಸುಪಾಸು. ಬಾರ್ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಎರಡು ಚೀಲ ಜೋಳ ಹೇರಿದ ಹಾಗೆ ಅಂತ ತಿಳಿಯಿರಿ. ಕಾರಿನ ಟೈರಿನ ಗಾಳಿ ಬರೀ ಎರಡು ಬಾರ್ ಚಿಲ್ಲರೆ.

2016ರ ಮಾರ್ಚಿನಲ್ಲಿ ಜೋಳದ ರಾಶಿಯ ಹೊತ್ತು. ಟ್ರೇಲರಿನಲ್ಲಿ ಗರಸು ತುಂಬಿ ಕಣದ ದಾರಿಗೆ ಹಾಕುತ್ತಿದ್ದೆವು. ಡಬ್ಬಿ ಎತ್ತುವಾಗ ಕಪ್ಲಿಂಗಿನ ಹತ್ತಿರ ಪೈಪು ಒದ್ದೆ ಕಂಡಿತು. ಎಲ್ಲಿಂದ ಸೋರುತ್ತಿದೆ ನೋಡೋಣ ಅಂತ ಎಂಜಿನ್ ಚಾಲೂ ಇದ್ದಾಗಲೇ ಎಡಗೈಯ ತೋರುಬೆರಳನ್ನು ಪೈಪಿನ ಗುಂಟ ಸವರಿದೆ. ಜಾಲಿ ಮುಳ್ಳು ಚುಚ್ಚಿದ ಹಾಗಾಯಿತು. ನೋಡಿದರೆ ತುದಿಯಲ್ಲಿ ಸೂಜಿ ಮೊನೆಯಷ್ಟು ತೂತು, ಒಂದು ಹನಿ ರಕ್ತವೂ ಇಲ್ಲ. ಪೈಪಿನ ತಂತಿ ಚುಚ್ಚಿರಬೇಕು ಅಂದುಕೊಂಡೆ. ಸಂಜೆಯವರೆಗೆ ಕೆಲಸ ಮಾಡಿದೆ.

ರಾತ್ರಿ ಬೆರಳು ಬಾತು ಸಿಡಿಯತೊಡಗಿತು. ಮನೆಯವರು ಅರಿಷಿಣ ಬಿಸಿ ಮಾಡಿ ಕಟ್ಟಿದರು. ಮರುದಿನ ಅಂಗೈವರೆಗೆ ಬಾವು. ಊರಿನಲ್ಲಿ ಸೂಜಿ ಮಾಡಿಸಿಕೊಂಡು ಬಂದೆ. ಮೂರನೆಯ ದಿನ ತುದಿ ಕಪ್ಪಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ತಾಸಾಯಿತು?" ನಾನು ದಿನದ ಲೆಕ್ಕ ಹೇಳಿದೆ. ಅವರು ಮಾತಾಡಲಿಲ್ಲ.

ಸೂಜಿ ಮೊನೆಯ ತೂತಿನಿಂದ ಹೊರಟ ಎಣ್ಣೆ ಚರ್ಮ ಕೊರೆದು ಒಳಗೆ ಹೋಗಿತ್ತು. ಒಳಗೆ ಹೋದದ್ದು ಬೆರಳಿನ ನರದ ಗುಂಟ ಮೇಲಕ್ಕೆ ಹರಡಿ ಮಾಂಸವನ್ನು ಸಾಯಿಸುತ್ತ ಬಂದಿತ್ತು. ಎರಡು ಸಲ ಸೀಳಿ ತೊಳೆದರು. ಕೊನೆಗೆ ಮೇಲಿನ ಗೆಣ್ಣು ತೆಗೆದರು. ಈಗ ನನ್ನ ಆ ಬೆರಳು ಎರಡೇ ಗೆಣ್ಣಿನದು. ಎತ್ತಿನ ಹಗ್ಗ ಹಿಡಿಯಲು ತೊಂದರೆ ಇಲ್ಲ, ಬೀಜ ಚಿಟಿಕೆಯಲ್ಲಿ ಹಿಡಿಯಲು ಆಗುವುದಿಲ್ಲ. ಹೆಸರು ಬಿತ್ತುವಾಗ ಪ್ರತಿ ವರ್ಷ ಇದು ನೆನಪಾಗುತ್ತದೆ.

ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಈ ಗಾಯ ಮೊದಲ ದಿನ ಗಾಯದಂತೆ ಕಾಣುವುದೇ ಇಲ್ಲ. ನೋವೂ ಹೆಚ್ಚಿರುವುದಿಲ್ಲ. ಅದಕ್ಕೇ ಎಲ್ಲರೂ ಮೋಸ ಹೋಗುತ್ತಾರೆ. ಎಣ್ಣೆ ಪೈಪಿನ ಹತ್ತಿರ ಕೈ ಇದ್ದಾಗ ಚುಚ್ಚಿದಂತಾದರೆ ಕಾಯಬೇಡಿ. ಅದೇ ತಾಸಿನಲ್ಲಿ ಆಪರೇಷನ್ ಮಾಡುವ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಬಿಸಿ ಕಟ್ಟಬೇಡಿ, ಹಿಂಡಬೇಡಿ. ಅಲ್ಲಿ "ಮುಳ್ಳು ಚುಚ್ಚಿದೆ", "ಗಾಯ ಆಗಿದೆ" ಅನ್ನಬೇಡಿ. "ಹೈಡ್ರಾಲಿಕ್ ಎಣ್ಣೆ ಒತ್ತಡದಿಂದ ಚರ್ಮದ ಒಳಗೆ ಹೋಗಿದೆ" ಅಂತಲೇ ಹೇಳಿ, ಎಷ್ಟು ಹೊತ್ತಿಗೆ ಆಯಿತು ಅಂತಲೂ ಹೇಳಿ. ಹೀಗೆ ಹೇಳದಿದ್ದರೆ ಟಿ.ಟಿ. ಕೊಟ್ಟು ಮನೆಗೆ ಕಳಿಸುವ ಸಂಭವ ಇದೆ. ತೂತು ಅಷ್ಟು ಸಣ್ಣದು.

ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು. ಉದ್ದ ಕಡ್ಡಿಗೆ ಸಿಕ್ಕಿಸಿ ಪೈಪಿನ ಹತ್ತಿರ ಹಿಡಿದರೆ ಎಣ್ಣೆ ಬಿದ್ದ ಜಾಗ ತೋಯುತ್ತದೆ. ಅದಕ್ಕೂ ಒಳ್ಳೆಯದು ಎಂಜಿನ್ ಬಂದ್ ಮಾಡಿ, ಡಬ್ಬಿ ಇಳಿಸಿ, ಪೈಪು ಒರೆಸಿ ನೋಡುವುದು. ಒತ್ತಡ ಇದ್ದಾಗ ನಟ್ಟು ಸಡಿಲಿಸಬೇಡಿ ಅಂದದ್ದು ಇದಕ್ಕೇ. ಸಡಿಲಾದ ಆಟಿಯ ಸಂದಿನಿಂದ ಬರುವ ಎಣ್ಣೆಯೂ ಅಷ್ಟೇ ಹರಿತ.

ಕೊಳ್ಳುವಾಗ

ಟ್ರ್ಯಾಕ್ಟರಿನ ಹಿಂದೆ ಸಾಮಾನ್ಯವಾಗಿ ಅರ್ಧ ಇಂಚಿನ ಹೆಣ್ಣು ಇರುತ್ತದೆ. ಅರ್ಧ ಇಂಚು ಅಂತ ಕೇಳಿ ತಂದದ್ದೆಲ್ಲ ಕೂಡುವುದಿಲ್ಲ. ಐ.ಎಸ್.ಒ. 7241ರಲ್ಲಿ 'ಎ' ಮತ್ತು 'ಬಿ' ಅಂತ ಎರಡು ಜಾತಿ, ಒಂದರ ಗಂಡು ಇನ್ನೊಂದರ ಹೆಣ್ಣಿಗೆ ಆಗುವುದಿಲ್ಲ. ಟ್ರ್ಯಾಕ್ಟರುಗಳಲ್ಲಿ ಬರುವುದು 'ಎ'. ಹಳೆಯ ತುಂಡನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ ಅಂಗಡಿಯಲ್ಲೇ ಕೂಡಿಸಿ ನೋಡುವುದು ಎಲ್ಲಕ್ಕಿಂತ ಸುಲಭ. ಜೋಡಿಗೆ ಐದಾರು ನೂರು ಕೊಟ್ಟಿದ್ದೇನೆ, ಅರ್ಧ ಬೆಲೆಗೂ ಸಿಗುತ್ತದೆ. ಅಗ್ಗದ್ದನ್ನು ತಂದು ಒಂದೇ ಹಂಗಾಮಿನಲ್ಲಿ ಕಾಲರ್ ಸಡಿಲಾಯಿತು. ಆಟಿಗೆ ಬಿಳಿ ಟೇಪು ಸುತ್ತುವುದನ್ನು ಮಿಸ್ತ್ರಿ ಬೇಡ ಅನ್ನುತ್ತಾರೆ. ಟೇಪಿನ ಚೂರು ಹರಿದು ಕವಾಟದಲ್ಲಿ ಸಿಕ್ಕುತ್ತದೆ. ಅದರ ಬದಲು ಡೌಟಿ ವಾಷರ್ ಹಾಕಬೇಕು. ಹೆಣ್ಣಿನ ಬಾಯೊಳಗಿನ ಓರಿಂಗು ಹರಿದರೆ ಮಾತ್ರ ಕೂಡಿಸಿದಾಗಲೂ ಸೋರುತ್ತದೆ. ಓರಿಂಗು ಹತ್ತಿಪ್ಪತ್ತು ರೂಪಾಯಿಯದು, ಅದಕ್ಕಾಗಿ ಇಡೀ ಕಪ್ಲಿಂಗು ಬದಲಿಸುವುದು ಬೇಡ.

ಕೂಡಿಸುವಾಗ 'ಟಕ್' ಅಂತ ಕೇಳಬೇಕು. ಕೇಳಿದ ಮೇಲೂ ಪೈಪನ್ನು ಒಂದು ಸಲ ಹಿಂದಕ್ಕೆ ಎಳೆದು ನೋಡಿ. ಎತ್ತಿದ ಡಬ್ಬಿ ಕೆಳಗೆ ಇಳಿಯದೆ ನಿಂತರೆ ಜಾಕು ಕೆಟ್ಟಿತು ಅಂತ ಹೆದರುವ ಮೊದಲು ಕಪ್ಲಿಂಗು ಅರ್ಧ ಕೂತಿದೆಯೇ ಅಂತ ಅನುಮಾನಿಸಬೇಕು. ಆದರೆ ಎತ್ತಿದ ಡಬ್ಬಿಯ ಪಕ್ಕದಲ್ಲಿ ನಿಂತು ಅದನ್ನು ಒತ್ತಲು ಹೋಗಬೇಡಿ. ಮೊದಲು ಊರು ಕೊಡಿ, ಆಮೇಲೆ ಕಪ್ಲಿಂಗಿಗೆ ಕೈ ಹಾಕಿ. ಪಲ್ಟಿ ನೇಗಿಲಿನ ಎರಡು ಪೈಪಿಗೆ ನಾನು ಕೆಂಪು, ಹಸಿರು ಟೇಪು ಸುತ್ತಿದ್ದೇನೆ. ಅದಲು ಬದಲಾದರೆ ಬಲಕ್ಕೆ ಎಳೆದ ಲಿವರಿಗೆ ನೇಗಿಲು ಎಡಕ್ಕೆ ಹೊರಳುತ್ತದೆ. ಹತ್ತಿರ ನಿಂತವರ ಕಾಲು ಹೋಗಲು ಅಷ್ಟು ಸಾಕು.

2023ರ ಬೇಸಿಗೆಯಲ್ಲಿ ಜಾಲಿ ಕಂಟಿ ತೆಗೆಸಿ ಬದುವಿನ ಗುಂಡು ಒಡೆಸಲು ಮತ್ತೆ ಹಿಟಾಚಿ ತರಿಸಿದೆ. ಬೇರೆ ಮಾಲೀಕ. ಯಂತ್ರ ಹೊಲಕ್ಕೆ ಇಳಿಯುವ ಮೊದಲೇ ಮಾತಾಡಿಕೊಂಡೆ: ಬಕೆಟ್ ಬಿಚ್ಚಿ ಬ್ರೇಕರ್ ಹಚ್ಚುವ ಹೊತ್ತಿನ ಮೀಟರ್ ನನ್ನದಲ್ಲ, ಬ್ರೇಕರ್ ಹತ್ತು ನಿಮಿಷ ಸಮನಾಗಿ ಹೊಡೆದ ಮೇಲೆ ನನ್ನ ಲೆಕ್ಕ ಸುರು. ಮಾಲೀಕ ಸ್ವಲ್ಪ ಗೊಣಗಿ ಒಪ್ಪಿದ. ಡ್ರೈವರಿಗೆ ಒಂದು ತುಂಡು ಹಳೆ ಧೋತರ, ಒಂದು ಡಬ್ಬಿ ಡೀಸೆಲ್ ಕೊಟ್ಟು ಬಾಯಿ ತೊಳೆದು ಒರೆಸಿ ಹಾಕು ಅಂದೆ. ನನ್ನ ಬೆರಳು ನೋಡಿ "ಇದು ಎಣ್ಣಿಲೆ ಆಗಿದ್ದೇನ್ರಿ ಕಾಕಾ?" ಅಂತ ಕೇಳಿದ. ಹೌದು ಅಂದೆ. ಎರಡೂ ಕಾಲರನ್ನು ಗೆರೆ ಮುಟ್ಟುವವರೆಗೆ ತಿರುವಿದ. ಅವತ್ತು ಬ್ರೇಕರ್ 6 ತಾಸು 40 ನಿಮಿಷ ಓಡಿತು, ಲೆಕ್ಕ ಕಟ್ಟುವಾಗ ಯಾರೂ ದನಿ ಎತ್ತಲಿಲ್ಲ.